ವಾಟ್ಸಾಪ್ ಕದ್ದವನು ಪಿನ್ ಇಟ್ಟುಬಿಟ್ಟಿದ್ದಾನೆ, 7 ದಿನ ಏನು ಮಾಡೋದು?

ತುಂಗಾತೀರ:
ಅಮ್ಮನ ವಾಟ್ಸಾಪ್ ಯಾರೋ ಹ್ಯಾಕ್ ಮಾಡಿದ್ದಾರೆ. ಅಮ್ಮನ ಫೋನಿನಲ್ಲೇ ನಂಬರ್ ಹಾಕಿದರೆ ಎಸ್‌ಎಂಎಸ್‌ನಲ್ಲಿ 6 ಅಂಕಿಯ ಕೋಡ್ ಬರುತ್ತೆ. ಅದನ್ನು ಹಾಕಿದ ಮೇಲೆ ಪಿನ್ ಕೇಳುತ್ತೆ. ಅಮ್ಮ ಯಾವತ್ತೂ ಪಿನ್ ಇಟ್ಟವರಲ್ಲ. 7 ದಿನ ಕಾಯಿರಿ ಅಂತ ತೋರಿಸ್ತಿದೆ. ಅಷ್ಟು ದಿನವೂ ಅವನು ನೆಂಟರ ಹತ್ತಿರ ದುಡ್ಡು ಕೇಳ್ತಾ ಇರ್ತಾನಾ? ಹಳೇ ಚಾಟ್ ಓದಿರ್ತಾನಾ?

ಕಾವಲುಗಾರ:
ಇಲ್ಲ. ಎಸ್‌ಎಂಎಸ್ ಕೋಡ್ ಹಾಕಿದ ಕೂಡಲೇ ಅವನ ಫೋನಿಂದ ಖಾತೆ ಲಾಗ್‌ಔಟ್ ಆಗಿದೆ. ನಿಮಗೆ ಪಿನ್ ಗೊತ್ತಿಲ್ಲದಿದ್ದರೂ ಅಷ್ಟೇ. ಪಿನ್ ಕೇಳಿದ್ದು ನೋಡಿ ಖಾತೆಯೇ ಹೋಯ್ತು ಅಂತ ತುಂಬಾ ಜನ ಕೈಚೆಲ್ಲುತ್ತಾರೆ, ಹಾಗೆ ಮಾಡಬೇಡಿ.

ಈಗ ಪಿನ್ ಅವನ ಹತ್ತಿರ ಇದೆ, ಸಿಮ್ ನಿಮ್ಮ ಹತ್ತಿರ ಇದೆ. ಅವನಿಗೆ ಬೇಕಿರೋದು ಇನ್ನೊಂದು ಕೋಡ್ ಮಾತ್ರ. ಹಾಗಾಗಿ ಈ 7 ದಿನದಲ್ಲಿ ಬ್ಯಾಂಕು, ಕೊರಿಯರ್, ಪರಿಚಯದವರು ಅಂತ ಹೇಳಿಕೊಂಡು ಕೋಡ್ ಕೇಳಿ ಫೋನ್ ಬರಬಹುದು. ಅಮ್ಮ ಒಂದು ಸಲ ಓದಿ ಹೇಳಿದರೆ ಅವನು ಮತ್ತೆ ಒಳಗೆ ಬರ್ತಾನೆ, ಇಷ್ಟು ದಿನ ಕಾದಿದ್ದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಹಳೇ ಚಾಟ್ ಇರೋದು ಅಮ್ಮನ ಫೋನಿನಲ್ಲಿ. ಬೇರೆ ಫೋನಿನಲ್ಲಿ ನಂಬರ್ ಹಾಕಿದ ಮಾತ್ರಕ್ಕೆ ಅವನಿಗೆ ಅದು ಸಿಗಲ್ಲ. ಅವನು ಒಳಗಿದ್ದಾಗ ಬಂದ ಮೆಸೇಜು, ಗ್ರೂಪುಗಳಲ್ಲಿ ಯಾರ‍್ಯಾರು ಇದ್ದಾರೆ ಅನ್ನೋದು ಮಾತ್ರ ಕಂಡಿರುತ್ತೆ. ಆ್ಯಪ್ ಡಿಲೀಟ್ ಮಾಡಬೇಡಿ. ಪದೇಪದೇ ಕೋಡ್ ಕೇಳಲೂಬೇಡಿ, ಕೇಳಿದಷ್ಟೂ ಕಾಯೋ ಸಮಯ ಬೆಳೆಯುತ್ತೆ.

ಎರೆಮಣ್ಣು:
ಇನ್ನೊಂದು ನೋಡಿ. 21 ಸೇರಿದ, ಸ್ಟಾರ್ ಇರೋ ಯಾವುದಾದರೂ ನಂಬರ್ ಒತ್ತಿ ಅಂತ ಯಾರಾದರೂ ಅಮ್ಮನಿಗೆ ಹೇಳಿದ್ದರಾ? ಅದು ಕಾಲ್ ಫಾರ್ವರ್ಡಿಂಗ್, ಅಂದರೆ ಅಮ್ಮನಿಗೆ ಬರೋ ಕರೆ ಬೇರೆ ನಂಬರಿಗೆ ತಿರುಗುತ್ತೆ. ಎಸ್‌ಎಂಎಸ್ ನಿಮಗೇ ಬಂದರೂ ಕಳ್ಳ ‘ಕರೆ ಮೂಲಕ ಕೋಡ್’ ಆಯ್ಕೆ ಒತ್ತುತ್ತಾನೆ, ಆ ಕರೆ ನೇರ ಅವನಿಗೇ ಹೋಗುತ್ತೆ. ಡಯಲರಿನಲ್ಲಿ ##002# ಒತ್ತಿ ಕರೆ ಮಾಡಿ, ಎಲ್ಲ ಫಾರ್ವರ್ಡಿಂಗೂ ರದ್ದಾಗುತ್ತೆ. ಇದನ್ನು ಇವತ್ತೇ ಮಾಡಿ.

ತುಂಗಾತೀರ:
ಹೌದು, ಕೊರಿಯರ್ ಅಂತ ಹೇಳಿ ಒತ್ತಿಸಿದ್ದಾರೆ. ##002# ಮಾಡಿದೆ, ರದ್ದಾಯ್ತು ಅಂತ ಬಂತು. ನೆಂಟರೊಬ್ಬರು ಆಗಲೇ ದುಡ್ಡು ಹಾಕಿಬಿಟ್ಟಿದ್ದಾರೆ.

ಕಾವಲುಗಾರ:
ದುಡ್ಡು ಹಾಕಿದವರು ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ. ಯುಪಿಐ ವಹಿವಾಟಿನ ಸಂಖ್ಯೆ, ದುಡ್ಡು ಹೋದ ಖಾತೆ, ಸಮಯ ಕೈಯಲ್ಲಿರಲಿ. ಅವನು ಮುಂದಿನ ಖಾತೆಗೆ ದಾಟಿಸುವ ಮೊದಲು ತಡೆಯಬೇಕು, ಅದಕ್ಕೇ ಈ ಆತುರ. ಮೆಸೇಜಿನ ಸ್ಕ್ರೀನ್‌ಶಾಟ್ ಅಳಿಸಬೇಡಿ. ನಿಮ್ಮ ನಂಬರಿಂದ ನೀವೇ ಪ್ರತಿ ಗ್ರೂಪಿಗೂ ವಿಷಯ ತಿಳಿಸಿ, 7 ದಿನದ ಮಟ್ಟಿಗೆ ಅಮ್ಮನ ನಂಬರ್ ತೆಗೆಯಲು ಅಡ್ಮಿನ್‌ಗೆ ಹೇಳಿ.

ಎಂಟನೇ ದಿನ ಪಿನ್ ಇಲ್ಲದೆ ಒಳಗೆ ಹೋದ ಮೇಲೆ ಮೊದಲು ‘ಲಿಂಕ್ಡ್ ಡಿವೈಸಸ್’ (ಖಾತೆಗೆ ಜೋಡಿಸಿರೋ ಬೇರೆ ಫೋನ್, ಕಂಪ್ಯೂಟರ್‌ಗಳ ಪಟ್ಟಿ) ತೆರೆದು ಗುರುತಿಲ್ಲದ್ದನ್ನೆಲ್ಲ ಲಾಗ್‌ಔಟ್ ಮಾಡಿ. ಆಮೇಲೆ ಸೆಟ್ಟಿಂಗ್ಸ್, ಅಕೌಂಟ್, ‘ಟೂ ಸ್ಟೆಪ್ ವೆರಿಫಿಕೇಶನ್’ಗೆ ಹೋಗಿ ನಿಮ್ಮದೇ ಪಿನ್ ಇಡಿ. ಅಲ್ಲೇ ಇಮೇಲ್ ಕೇಳುತ್ತೆ, ಬಿಟ್ಟು ಮುಂದೆ ಹೋಗಬೇಡಿ. ನಾಳೆ ಅಮ್ಮ ಪಿನ್ ಮರೆತರೆ ಆ ಇಮೇಲ್ ಮೂಲಕ ಬದಲಾಯಿಸಬಹುದು, ಇಲ್ಲದಿದ್ದರೆ ಮತ್ತೆ ಇದೇ 7 ದಿನ.