ಪಾಲ್ ರೋಬ್ಸನ್ ಅಭಿನಯ: ಒಂದು ಸಂಜೆಯಲ್ಲಿ ಏನೇನು ತೋರಿಸಬಹುದು?

ಪ್ರಶ್ನೆ

ನಮ್ಮ ರಂಗತಂಡದ ಹುಡುಗ ಹುಡುಗಿಯರಿಗೆ ಅಮೆರಿಕದ ಕಪ್ಪು ನಟ, ಗಾಯಕ ಪಾಲ್ ರೋಬ್ಸನ್ (1898–1976) ಅವರ ಕೆಲಸ ತೋರಿಸಬೇಕು ಅಂತಿದೆ. ಸಮಯ ಇರೋದು ಮೂರು ಗಂಟೆ. ಅವರ ಒಥೆಲೊ ಚಿತ್ರೀಕರಣ ಆಗಿದೆಯಾ? ಇಲ್ಲದಿದ್ದರೆ ಯಾವುದನ್ನು ಹಾಕೋದು? 'ಶೋ ಬೋಟ್' ಸಿನಿಮಾದ ಬಣ್ಣದ ಪ್ರತಿ ಸಿಕ್ಕಿದೆ, ಆದರೆ ಅದರಲ್ಲಿ ಅವರು ಯಾರು ಅಂತಲೇ ಗೊತ್ತಾಗ್ತಿಲ್ಲ.

ಉತ್ತರ 1

ಬಣ್ಣದ್ದು 1951ರ ಚಿತ್ರ. ಅದರಲ್ಲಿ ರೋಬ್ಸನ್ ಇಲ್ಲವೇ ಇಲ್ಲ, 'ಓಲ್ ಮ್ಯಾನ್ ರಿವರ್' ಎಂಬ ನದಿಯ ಹಾಡು ಹಾಡುವವರು ವಿಲಿಯಂ ವಾರ್‌ಫೀಲ್ಡ್. ನಿಮಗೆ ಬೇಕಾದ್ದು ಜೇಮ್ಸ್ ವೇಲ್ ನಿರ್ದೇಶಿಸಿದ 1936ರ ಕಪ್ಪು-ಬಿಳುಪು ಚಿತ್ರ. ಪೂರ್ತಿ ಹಾಕಬೇಡಿ, ಹಾಡಿನ ದೃಶ್ಯವಷ್ಟೇ ಸಾಕು. ಅದಾದ ಮೇಲೆ ಇದೇ ಹಾಡನ್ನು ಅವರು ಮುಂದೆ ಕಛೇರಿಗಳಲ್ಲಿ ಹಾಡಿದ ಧ್ವನಿಮುದ್ರಣ ಕೇಳಿಸಿ. ಬದುಕಿ ಬೇಸತ್ತೆ, ಸಾಯಲು ಭಯ ಎನ್ನುವ ಸಾಲನ್ನು ತೆಗೆದು, ಸಾಯುವ ತನಕ ಹೋರಾಡುತ್ತೇನೆ ಎಂದು ಹಾಡುತ್ತಾರೆ. ರಾಗ ಅದೇ, ಪಾತ್ರ ಮಾತ್ರ ಎದ್ದು ನಿಂತಿರುತ್ತದೆ.

ಮುಖ್ಯ ಚಿತ್ರವಾಗಿ 'ದಿ ಎಂಪರರ್ ಜೋನ್ಸ್' (1933) ಇಟ್ಟುಕೊಳ್ಳಿ, ಸುಮಾರು ಒಂದೂಕಾಲು ಗಂಟೆ. ಹಳೆಯ ಅಗ್ಗದ ಪ್ರತಿಗಳಲ್ಲಿ ಸೆನ್ಸಾರ್ ಕತ್ತರಿಸಿದ ಭಾಗಗಳಿರುವುದಿಲ್ಲ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ 2002ರಲ್ಲಿ ಸರಿಪಡಿಸಿದ ಪ್ರತಿಯನ್ನೇ ಹುಡುಕಿ. ಯುಜೀನ್ ಓನೀಲ್ ನಾಟಕದಲ್ಲಿ ತೆರೆ ಏಳುವಾಗಲೇ ಜೋನ್ಸ್ ಒಂದು ದ್ವೀಪದ ಚಕ್ರವರ್ತಿ. ಅವನು ರೈಲಿನಲ್ಲಿ ಪೋರ್ಟರ್ ಆಗಿದ್ದುದನ್ನೆಲ್ಲ ತೋರಿಸುವ ಮೊದಲರ್ಧ ಸಿನಿಮಾಕ್ಕೆ ಸೇರಿಸಿದ್ದು. ಹಾಗಾಗಿ ಪ್ರಜೆಗಳು ದಂಗೆಯೆದ್ದು ಅವನು ಕಾಡಿಗೆ ಓಡುವ ಭಾಗ ಬಂದಾಗ ನಾಟಕದ ಪಠ್ಯ ಕೈಯಲ್ಲಿರಲಿ. ಮೊದಲ ದೃಶ್ಯದ ಕೊನೆಗೆ ಡೋಲು ನಿಮಿಷಕ್ಕೆ 72 ಪೆಟ್ಟಿನಂತೆ, ಅಂದರೆ ನಾಡಿಮಿಡಿತದ ಲಯದಲ್ಲಿ ಶುರುವಾಗಿ, ಬಿಡದೆ ವೇಗ ಹೆಚ್ಚಿಸಿಕೊಂಡು ಹೋಗಬೇಕು ಎಂದು ಓನೀಲ್ ಬರೆದಿಟ್ಟಿದ್ದಾನೆ. ಜೋನ್ಸನ ರಿವಾಲ್ವರಿನಲ್ಲಿ ಐದು ಸೀಸದ ಗುಂಡು, ಒಂದು ಬೆಳ್ಳಿಯದು. ಭ್ರಮೆಗಳ ಮೇಲೆ ಒಂದೊಂದಾಗಿ ಖರ್ಚಾಗುತ್ತವೆ. ನಟ ಡೋಲಿಗಿಂತ ಮುಂಚೆ ಓಡಿಬಿಟ್ಟರೆ ಅರ್ಧದಲ್ಲೇ ಉಸಿರು ಖಾಲಿ, ಕೊನೆಯ ಗುಂಡಿನ ಹೊತ್ತಿಗೆ ಏರಿಸಲು ಏನೂ ಉಳಿದಿರುವುದಿಲ್ಲ. ರೋಬ್ಸನ್ ದನಿಯನ್ನು ಎಲ್ಲೆಲ್ಲಿ ತಡೆಹಿಡಿಯುತ್ತಾರೆ ಎಂದು ಗಮನಿಸಲು ಹೇಳಿ.

ಅಂದ ಹಾಗೆ, 1920ರಲ್ಲಿ ಈ ಪಾತ್ರವನ್ನು ಮೊದಲು ಮಾಡಿದವರು ಚಾರ್ಲ್ಸ್ ಗಿಲ್ಪಿನ್. ರೋಬ್ಸನ್ ವಹಿಸಿಕೊಂಡದ್ದು 1924ರಲ್ಲಿ. ಗಿಲ್ಪಿನ್ ಹೆಸರು ಹೇಳದೆ ಬಿಡಬೇಡಿ.

ಉತ್ತರ 2

ಒಥೆಲೊ ಸಿನಿಮಾ ಆಗಿಲ್ಲ. ಆದರೆ 1944ರಲ್ಲಿ ಕೊಲಂಬಿಯಾ ಕಂಪನಿ, ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ರೋಬ್ಸನ್ ಜೊತೆ ಒಥೆಲೊ ಆಡಿದ ತಂಡವನ್ನೇ ಕೂರಿಸಿ ಸಂಕ್ಷಿಪ್ತ ಪಠ್ಯವನ್ನು ಧ್ವನಿಮುದ್ರಿಸಿಕೊಂಡಿದೆ: ಇಯಾಗೊ ಆಗಿ ಹೊಸೆ ಫೆರರ್, ಡೆಸ್ಡಿಮೋನಾ ಆಗಿ ಊಟಾ ಹೇಗನ್. ನಾಟಕದ ನಿರ್ದೇಶಕಿ ಮಾರ್ಗರೆಟ್ ವೆಬ್‌ಸ್ಟರ್. 1943ರ ಅಕ್ಟೋಬರಿನಲ್ಲಿ ಶುಬರ್ಟ್ ಥಿಯೇಟರಿನಲ್ಲಿ ಶುರುವಾಗಿ 296 ಪ್ರದರ್ಶನ ಕಂಡಿತು. ಶೇಕ್ಸ್‌ಪಿಯರನ ಬೇರಾವ ನಾಟಕವೂ ಬ್ರಾಡ್‌ವೇಯಲ್ಲಿ ಇಷ್ಟು ಓಡಿಲ್ಲ. ಅದಕ್ಕೆ ಮುಂಚೆ ಅಲ್ಲಿ ಈ ಪಾತ್ರ ಬಿಳಿಯ ನಟರು ಮುಖಕ್ಕೆ ಕಪ್ಪು ಬಳಿದುಕೊಂಡು ಮಾಡುತ್ತಿದ್ದದ್ದು.

ದೀಪ ಆರಿಸಿ ಎರಡೇ ದೃಶ್ಯ ಕೇಳಿಸಿ: ಮೂರನೇ ಅಂಕದ ಮೂರನೇ ದೃಶ್ಯ, ಐದನೇ ಅಂಕದ ಎರಡನೇ ದೃಶ್ಯ. ಪುಸ್ತಕ ಹಿಡಿದು ಸಾಲು ಸಾಲಾಗಿ ಹಿಂಬಾಲಿಸಲು ಹೋದರೆ, ಬಿಟ್ಟ ಸಾಲುಗಳಿಂದ ಗೊಂದಲವಾಗುತ್ತದೆ. ಕೇಳಿದ ಮೇಲೆ ಓದಿಸಿ.

ಸಮಯ ಉಳಿದರೆ 1925ರ ಮೂಕಿ 'ಬಾಡಿ ಅಂಡ್ ಸೋಲ್'ನಿಂದ ಹತ್ತು ನಿಮಿಷ. ಆಸ್ಕರ್ ಮಿಶೋ ನಿರ್ದೇಶನ, ರೋಬ್ಸನ್ ದ್ವಿಪಾತ್ರ. ಅಷ್ಟು ದೊಡ್ಡ ದನಿ ಇಲ್ಲದೆಯೂ ಮೈಯೊಂದರಿಂದಲೇ ಮೋಸಗಾರ ಪಾದ್ರಿಯನ್ನು ಹೇಗೆ ಕಟ್ಟಿದ್ದಾರೆ ನೋಡಿ.

ಪ್ರಶ್ನೆ ಕೇಳಿದವರು

ತುಂಬ ಉಪಕಾರ ಆಯ್ತು. ಇನ್ನೊಂದು: 1942ಕ್ಕೇ ಸಿನಿಮಾ ಯಾಕೆ ಬಿಟ್ಟರು? ಆಗಿನ್ನೂ 44 ವಯಸ್ಸು.

ಉತ್ತರ 3

ಎಡಿಟಿಂಗ್ ಅವರ ಕೈಯಲ್ಲಿರಲಿಲ್ಲ, ಅದೇ ಕಾರಣ. 'ಸ್ಯಾಂಡರ್ಸ್ ಆಫ್ ದಿ ರಿವರ್' (1935) ಒಪ್ಪಿದ್ದು ಆಫ್ರಿಕಾದ ಹಾಡು-ಕುಣಿತಗಳಿಗೆ ಗೌರವ ಸಿಗುತ್ತದೆಂದು. ತೆರೆಗೆ ಬಂದದ್ದು ಬ್ರಿಟಿಷ್ ಆಡಳಿತದ ಹೊಗಳಿಕೆ. ಮುಂದೆ 'ಸಾಂಗ್ ಆಫ್ ಫ್ರೀಡಮ್' ಚಿತ್ರಕ್ಕೆ, ಕೊನೆಯ ಪ್ರತಿಗೆ ತಮ್ಮ ಒಪ್ಪಿಗೆ ಬೇಕೆಂದು ಕರಾರು ಮಾಡಿಸಿಕೊಂಡರು. ಹಾಲಿವುಡ್‌ನಲ್ಲಿ ಅದು ನಡೆಯಲಿಲ್ಲ. 'ಟೇಲ್ಸ್ ಆಫ್ ಮ್ಯಾನ್‌ಹಟನ್' (1942) ಚಿತ್ರದಲ್ಲಿ ಕರಿಯ ರೈತರನ್ನು ಪೆದ್ದರಂತೆ ತೋರಿಸಿದ್ದನ್ನು ಬಹಿರಂಗವಾಗಿಯೇ ಖಂಡಿಸಿ ಹೊರಬಂದರು. ಅದು ಸರಿಯಾದ ನಿರ್ಧಾರ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ 1950ರಿಂದ 1958ರವರೆಗೆ ಅಮೆರಿಕ ಸರ್ಕಾರ ಪಾಸ್‌ಪೋರ್ಟನ್ನೇ ಕಿತ್ತುಕೊಂಡಿತ್ತು. ವಾಪಸು ಸಿಕ್ಕ ಮರುವರ್ಷ ಇಂಗ್ಲೆಂಡಿನ ಸ್ಟ್ರಾಟ್‌ಫರ್ಡಿನಲ್ಲಿ ಮತ್ತೆ ಒಥೆಲೊ ಮಾಡಿದರು, ರಂಗದ ಮೇಲೆ ಅದೇ ಕೊನೆಯ ಪಾತ್ರ. ಮಧ್ಯದ ವರ್ಷಗಳದ್ದು ಏನಾದರೂ ಬೇಕಿದ್ದರೆ, 1957ರಲ್ಲಿ ನ್ಯೂಯಾರ್ಕಿನಿಂದ ಟೆಲಿಫೋನ್ ಕೇಬಲ್ ಮೂಲಕ ವೇಲ್ಸ್‌ನ ಗಣಿ ಕಾರ್ಮಿಕರಿಗೆ ಹಾಡಿದ ಕಛೇರಿಯ ಮುದ್ರಣವಿದೆ. ಅದಕ್ಕೆ ಮುಂಚೆ 'ದಿ ಪ್ರೌಡ್ ವ್ಯಾಲಿ' (1940) ಚಿತ್ರದ ವೇಲ್ಸ್ ಗಣಿ ಕಾರ್ಮಿಕರ ಗಾಯನವೃಂದದ ದೃಶ್ಯ ಹಾಕಿದರೆ, ಫೋನಿನ ಆ ತುದಿಯಲ್ಲಿ ಕೂತಿದ್ದವರು ಯಾರು ಎಂದು ಹುಡುಗರಿಗೆ ಬೇರೆ ಹೇಳಬೇಕಾಗುವುದಿಲ್ಲ.