ಏರ್‌ಪೋರ್ಟ್ ಸುತ್ತಲಿನ ಡ್ರೋನ್ ವಲಯಗಳು: ನಿಯಮ ಬಿಗಿಯಾಗಿದೆಯೋ, ಮೊಂಡಾಗಿದೆಯೋ?

ಬಾನಾಡಿ:
ನಮ್ಮ ದೇಶದ ಈಗಿನ ಡ್ರೋನ್ ನಿಯಮಗಳು 2021ರ ಆಗಸ್ಟ್ 25ರಂದು ಪ್ರಕಟವಾದಾಗ ಹವ್ಯಾಸಿಗಳು ನಿರಾಳರಾದದ್ದು ನಿಜ. ವಿಮಾನ ನಿಲ್ದಾಣದ ಸುತ್ತ 45 ಕಿ.ಮೀ.ವರೆಗೆ ಚಾಚಿಕೊಂಡಿದ್ದ ಹಳದಿ ವಲಯ 12 ಕಿ.ಮೀ.ಗೆ ಇಳಿಯಿತು. ಎರಡು ಕಿಲೋ ತೂಕದೊಳಗಿನ ಡ್ರೋನನ್ನು ಹವ್ಯಾಸಕ್ಕಷ್ಟೇ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲವಾಯಿತು. ಈಗ ನಿಲ್ದಾಣದ ಗಡಿಯಿಂದ 5 ಕಿ.ಮೀ.ವರೆಗೆ ಸಾಮಾನ್ಯವಾಗಿ ಕೆಂಪು ವಲಯವಿದ್ದು, ಅಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 5ರಿಂದ 8 ಕಿ.ಮೀ.ವರೆಗೆ ನೆಲಮಟ್ಟದಿಂದಲೇ ಹಳದಿ ವಲಯ, ಅಲ್ಲಿ ವಿಮಾನ ಸಂಚಾರ ನಿಯಂತ್ರಣ ಕೇಂದ್ರದ (ಎಟಿಸಿ) ಅನುಮತಿ ಬೇಕು. 8ರಿಂದ 12 ಕಿ.ಮೀ.ವರೆಗೆ 60 ಮೀಟರ್ ಎತ್ತರದ ತನಕ ಹಸಿರು, ಅಂದರೆ ಅನುಮತಿ ಬೇಡ; ಅದರಾಚೆ, ಬೇರೆ ನಿರ್ಬಂಧಗಳಿಲ್ಲದ ಕಡೆ, 120 ಮೀಟರ್ ತನಕ ಹಸಿರು.

ನನ್ನ ತಕರಾರು ಈ ವಲಯಗಳ ಆಕಾರದ ಬಗ್ಗೆ. ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿ ಮಲಗಿವೆ. ವಿಮಾನಗಳು ತಗ್ಗಿ ಬರುವುದು ಆ ಎರಡು ದಿಕ್ಕುಗಳಿಂದ ಮಾತ್ರ. ಹಾಗಿದ್ದೂ ಉತ್ತರಕ್ಕಿರುವ ದೇವನಹಳ್ಳಿಯ ಕಡೆಯ ತೋಟವೊಂದರಲ್ಲಿ ಮರದೆತ್ತರಕ್ಕೆ ಡ್ರೋನ್ ಏರಿಸುವವನಿಗೂ, ರನ್‌ವೇಯ ನೇರಕ್ಕೆ ನಿಂತು ಏರಿಸುವವನಿಗೂ ಒಂದೇ ನಿಯಮ ಅನ್ವಯಿಸುತ್ತದೆ. ಇಳಿಯುವ ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿ ಕೋನದಲ್ಲಿ ಬರುತ್ತದೆ. ಆ ಲೆಕ್ಕದಲ್ಲಿ ರನ್‌ವೇಯ ತುದಿಯಿಂದ 5 ಕಿ.ಮೀ. ದೂರದಲ್ಲಿ ಅದರ ಎತ್ತರ ಸುಮಾರು 260 ಮೀಟರ್, 8 ಕಿ.ಮೀ. ದೂರದಲ್ಲಿ ಸುಮಾರು 420 ಮೀಟರ್. ಹೀಗಿರುವಾಗ 6 ಕಿ.ಮೀ. ದೂರದಲ್ಲಿ, ಅದೂ ರನ್‌ವೇಯ ಮಗ್ಗುಲಲ್ಲಿ, 30 ಮೀಟರ್ ಏರುವುದಕ್ಕೂ ಅನುಮತಿ ಬೇಕೆನ್ನುವುದು ನೆಗಡಿಗೆ ಮೂಗು ಕೊಯ್ದುಕೊಂಡ ಹಾಗಾಗಲಿಲ್ಲವೇ?

ನಿವೃತ್ತ ನಿಯಂತ್ರಕ:
ಬಾನಾಡಿಯವರೇ, ನಿಮ್ಮ ತ್ರಿಕೋನಮಿತಿ ಸರಿಯಿದೆ. ಆದರೆ ಅದು ಎಲ್ಲವೂ ಸುಸೂತ್ರವಾಗಿ ನಡೆದ ದಿನದ ಲೆಕ್ಕ. ಗೋಪುರದಲ್ಲಿ ಕುಳಿತವರು ಹಾಗಲ್ಲದ ದಿನಗಳಿಗೂ ಸಿದ್ಧರಿರಬೇಕಾಗುತ್ತದೆ. ಇಳಿಯಬೇಕಾದ ವಿಮಾನ ಕೊನೆಯ ಗಳಿಗೆಯಲ್ಲಿ ಇಳಿಯದೆ ಮತ್ತೆ ಮೇಲೇರಿದರೆ ನೇರವಾಗಿಯೇ ಹೋಗಬೇಕೆಂದಿಲ್ಲ. ಸಮಾನಾಂತರ ರನ್‌ವೇಗಳಿರುವ ಕಡೆ ಅದನ್ನು ಮಗ್ಗುಲಿಗೆ ತಿರುಗಿಸಬೇಕಾಗಬಹುದು. ಏರುವಾಗ ಒಂದು ಎಂಜಿನ್ ಕೈಕೊಟ್ಟ ವಿಮಾನ ಎಂದಿನ ಎತ್ತರ ಗಳಿಸುವುದಿಲ್ಲ. ಹೆಲಿಕಾಪ್ಟರ್‌ಗಳಿಗಂತೂ ನಿಮ್ಮ ಮೂರು ಡಿಗ್ರಿಯ ಹಂಗೇ ಇಲ್ಲ. ಅವು ಬರುವುದೇ ಮಗ್ಗುಲಿನಿಂದ, ಅದೂ ತಗ್ಗಿನಲ್ಲಿ.

ಇನ್ನೊಂದು ವಿಷಯ ಹೊರಗಿನವರಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ವಿಮಾನದಲ್ಲಿ ಟ್ರಾನ್ಸ್‌ಪಾಂಡರ್ ಇರುತ್ತದೆ. ಅದು ತಾನು ಯಾರು, ಎಷ್ಟು ಎತ್ತರದಲ್ಲಿದ್ದೇನೆ ಎಂಬುದನ್ನು ನಮ್ಮ ಪರದೆಗೆ ತಿಳಿಸುತ್ತಲೇ ಇರುತ್ತದೆ. ಹವ್ಯಾಸಿ ಡ್ರೋನಿನಲ್ಲಿ ಅದಿಲ್ಲ, ಅಂಗೈ ಅಗಲದ ಪ್ಲಾಸ್ಟಿಕ್ಕನ್ನು ನಿಲ್ದಾಣದ ರೇಡಾರ್ ಗುರುತಿಸುತ್ತದೆಂಬ ಭರವಸೆಯೂ ಇಲ್ಲ. ಪೈಲಟ್ ಒಬ್ಬರು 'ಎಡಗಡೆ ಡ್ರೋನ್ ಕಂಡಂತಾಯಿತು' ಎಂದು ವರದಿ ಮಾಡಿದರೆ, ಅದು ಎಲ್ಲಿದೆ, ಎತ್ತ ಹೋಗುತ್ತಿದೆ ಎಂದು ತಿಳಿಯಲು ನಿಯಂತ್ರಕರ ಬಳಿ ಸಾಧನವೇ ಇರುವುದಿಲ್ಲ. ಉಳಿಯುವುದು ಒಂದೇ ದಾರಿ: ವಿಮಾನಗಳನ್ನು ತಡೆಯುವುದು.

ಥೇಮ್ಸ್ ತೀರದವ:
ಈ ಮಾತಿಗೆ ದೊಡ್ಡ ಸಾಕ್ಷಿ ನಾನಿರುವ ಇಂಗ್ಲೆಂಡಿನಲ್ಲೇ ಇದೆ. 2018ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಪ್ರಯಾಣದ ದಟ್ಟಣೆಯ ನಡುವೆ, ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣದ ಬಳಿ ಡ್ರೋನ್ ಕಂಡಿತೆಂಬ ವರದಿಗಳು ಒಂದರ ಹಿಂದೊಂದು ಬಂದವು. ಸುಮಾರು ಒಂದು ಸಾವಿರ ವಿಮಾನಗಳ ಹಾರಾಟಕ್ಕೆ, ಸುಮಾರು 1,40,000 ಪ್ರಯಾಣಿಕರಿಗೆ ತೊಂದರೆಯಾಯಿತು. ಪೊಲೀಸರು ದಂಪತಿಯೊಂದನ್ನು ಬಂಧಿಸಿ, ಅವರಿಗೂ ಇದಕ್ಕೂ ಸಂಬಂಧವಿಲ್ಲವೆಂದು ಬಿಡುಗಡೆ ಮಾಡಿದರು. ಕೊನೆಗೂ ಯಾರೂ ಸಿಕ್ಕಿಬೀಳಲಿಲ್ಲ.

ಆದರೆ ಆಮೇಲೆ ಇಲ್ಲಿನವರು ಬದಲಿಸಿದ್ದು ಬಾನಾಡಿಯವರು ಹೇಳುತ್ತಿರುವ ಆಕಾರವನ್ನೇ. ಅಲ್ಲಿಯವರೆಗೆ ನಿಲ್ದಾಣದ ಗಡಿಯಿಂದ 1 ಕಿ.ಮೀ. ಎಂದಿದ್ದ ನಿಷೇಧವನ್ನು 2019ರ ಮಾರ್ಚಿನಲ್ಲಿ ಹಿಗ್ಗಿಸಿ, ನಿಲ್ದಾಣದ ಸುತ್ತ 2ರಿಂದ 2.5 ನಾಟಿಕಲ್ ಮೈಲಿ (ಸುಮಾರು 3.7ರಿಂದ 4.6 ಕಿ.ಮೀ.) ತ್ರಿಜ್ಯದ ವೃತ್ತವನ್ನು ಎಳೆದರು. ಅದರ ಜೊತೆಗೆ ಪ್ರತಿ ರನ್‌ವೇಯ ತುದಿಯಿಂದ 5 ಕಿ.ಮೀ. ಉದ್ದ, 1 ಕಿ.ಮೀ. ಅಗಲದ ಪಟ್ಟಿಯೊಂದನ್ನು ಸೇರಿಸಿದರು. ವಿಮಾನ ತಗ್ಗುವ ದಿಕ್ಕಿನಲ್ಲಿ ನಿಷೇಧ ಉದ್ದಕ್ಕೆ ಚಾಚುತ್ತದೆ, ಮಗ್ಗುಲಿನಲ್ಲಿ ಕುಗ್ಗುತ್ತದೆ. ನಿಯಂತ್ರಕರ ಆತಂಕಗಳು ಇಲ್ಲಿಯೂ ಇದ್ದವು, ಆದರೂ ಇದು ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು. ಬಿಗಿ ಕಡಿಮೆಯಾಗಿದೆ ಎಂದು ಯಾರೂ ಭಾವಿಸಬಾರದು: 2026ರ ಜನವರಿಯಿಂದ 100 ಗ್ರಾಂ ತೂಗುವ ಡ್ರೋನ್ ಹಾರಿಸುವವರೂ ಇಲ್ಲಿ ಪರೀಕ್ಷೆ ಬರೆದು ಗುರುತಿನ ಸಂಖ್ಯೆ ಪಡೆಯಬೇಕು.

ಸೋಗಾನೆ ಕಡೆಯವ:
ಪ್ರಶ್ನೆ ಸಣ್ಣದು. ನನ್ನದು 249 ಗ್ರಾಂ ತೂಕದ ಡ್ರೋನ್. ನಮ್ಮ ಶಿವಮೊಗ್ಗದ ನಿಲ್ದಾಣ 2023ರಲ್ಲಿ ಆರಂಭವಾದ ಮೇಲೆ ನಮ್ಮೂರು ವಲಯದೊಳಗೆ ಬಂದಿದೆ. 250 ಗ್ರಾಂ ಒಳಗಿದ್ದರೆ ಯಾವ ನಿಯಮವೂ ತಾಗುವುದಿಲ್ಲ ಎಂದು ಅಂಗಡಿಯವರು ಹೇಳಿ ಮಾರಿದ್ದರು. ಹೌದೇ?

ನಿವೃತ್ತ ನಿಯಂತ್ರಕ:
ಇಲ್ಲ. 250 ಗ್ರಾಂ ಒಳಗಿನ ನ್ಯಾನೋ ಡ್ರೋನಿಗೆ ಪೈಲಟ್ ಪ್ರಮಾಣಪತ್ರದಿಂದ ವಿನಾಯಿತಿಯಿದೆ, ಕಡ್ಡಾಯ ವಿಮೆಯಿಂದಲೂ ವಿನಾಯಿತಿಯಿದೆ. ಕೆಂಪು ಮತ್ತು ಹಳದಿ ವಲಯಗಳಿಂದ ಇಲ್ಲ. ನಿಮ್ಮಲ್ಲಿಗೆ ದಿನಕ್ಕೆ ಬರುವ ವಿಮಾನಗಳು ಕೆಲವೇ ಇರಬಹುದು, ಆದರೆ ವಲಯ ಇಡೀ ದಿನವೂ ವಲಯವೇ. ದೂರ ಅಳೆಯುವಾಗ ನಕ್ಷೆಯಲ್ಲಿ ಟರ್ಮಿನಲ್ ಕಟ್ಟಡದ ಮೇಲೆ ಬೆರಳಿಟ್ಟು ಅಳೆಯಬೇಡಿ. ನಿಯಮ ಹೇಳುವುದು ನಿಲ್ದಾಣದ ಗಡಿಯಿಂದ. ರನ್‌ವೇ ಉದ್ದಕ್ಕೆ ಚಾಚಿರುವ ಕಡೆ ಈ ಎರಡರ ನಡುವೆ ಒಂದೆರಡು ಕಿಲೋಮೀಟರ್ ವ್ಯತ್ಯಾಸ ಸುಲಭವಾಗಿ ಬರುತ್ತದೆ.

ಚಿಕ್ಕಜಾಲ:
ಎಲ್ಲರೂ ಡ್ರೋನಿನ ಮೇಲೆ ಇಷ್ಟು ಹರಿಹಾಯುತ್ತಿದ್ದೀರಿ. ನಮ್ಮ ಬೆಂಗಳೂರಿನ ಆಕಾಶದಲ್ಲಿ ದಿನವಿಡೀ ಸುತ್ತುವ ಹದ್ದುಗಳ ತೂಕ ಈ ಆಟಿಕೆಗಳಿಗಿಂತ ಹೆಚ್ಚು. ಅವುಗಳಿಗೆ ಯಾರ ಅನುಮತಿಯೂ ಬೇಕಿಲ್ಲವಲ್ಲ?

ಮೆಕ್ಯಾನಿಕಲ್ ಮೇಷ್ಟ್ರು:
ಹದ್ದಿನ ವಾದ ಪ್ರತಿ ಚರ್ಚೆಯಲ್ಲೂ ಬರುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಡಿಕ್ಕಿಯಲ್ಲಿ ತೂಕವೊಂದೇ ಲೆಕ್ಕಕ್ಕೆ ಬರುವುದಿಲ್ಲ. ಹಕ್ಕಿಯ ದೇಹದ ಬಹುಪಾಲು ನೀರು ಮತ್ತು ಮೆದು ಅಂಗಾಂಶ. ವಿಮಾನದ ವೇಗದಲ್ಲಿ ಅದು ಹೆಚ್ಚುಕಡಿಮೆ ದ್ರವದಂತೆ ಹರಡಿಹೋಗುತ್ತದೆ, ಹೊಡೆತವೂ ಹಂಚಿಹೋಗುತ್ತದೆ. ಡ್ರೋನಿನಲ್ಲಿರುವುದು ಲೋಹದ ಮೋಟಾರು, ಗಟ್ಟಿ ಕ್ಯಾಮೆರಾ, ಒತ್ತಿ ತುಂಬಿದ ಲಿಥಿಯಂ ಬ್ಯಾಟರಿ. ಇವು ಒಂದೊಂದೂ ಪುಟ್ಟ ಜಾಗದ ಮೇಲೆ ಪೂರ್ತಿ ಬಲ ಹಾಕಿ ಒಳನುಗ್ಗುತ್ತವೆ. ಅಮೆರಿಕದ ವಿಮಾನಯಾನ ಆಡಳಿತಕ್ಕಾಗಿ ವಿಶ್ವವಿದ್ಯಾಲಯಗಳ ಅಷ್ಯೂರ್ ಒಕ್ಕೂಟ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು, ಅಷ್ಟೇ ತೂಕದ ಹಕ್ಕಿಗಿಂತ ಡ್ರೋನ್ ಹೆಚ್ಚು ಹಾನಿ ಮಾಡಬಲ್ಲದು ಎಂದು ಹೇಳಿದ್ದು ಈ ಕಾರಣಕ್ಕೇ.

ನಿಜವಾದ ಡಿಕ್ಕಿಗಳೂ ನಡೆದಿವೆ. 2017ರ ಅಕ್ಟೋಬರಿನಲ್ಲಿ ಕೆನಡಾದ ಕ್ವಿಬೆಕ್ ನಗರದ ನಿಲ್ದಾಣಕ್ಕೆ ಇಳಿಯಲು ಬರುತ್ತಿದ್ದ ಸಣ್ಣ ಪ್ರಯಾಣಿಕ ವಿಮಾನವೊಂದಕ್ಕೆ ಡ್ರೋನ್ ಬಡಿಯಿತು. ಅದೃಷ್ಟಕ್ಕೆ ಹಾನಿ ಅಲ್ಪ, ವಿಮಾನ ಕ್ಷೇಮವಾಗಿ ಇಳಿಯಿತು. ಆ ಡ್ರೋನ್ ಹಾರುತ್ತಿದ್ದದ್ದು ಸುಮಾರು 1,500 ಅಡಿ ಎತ್ತರದಲ್ಲಿ, ಅಂದರೆ ಯಾವ ಹವ್ಯಾಸಿಗೂ ಹೋಗಲು ಅನುಮತಿಯಿಲ್ಲದ ಎತ್ತರದಲ್ಲಿ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಕಾಳ್ಗಿಚ್ಚಿನ ಮೇಲೆ ನೀರು ಸುರಿಯುತ್ತಿದ್ದ ವಿಮಾನದ ರೆಕ್ಕೆಯಲ್ಲಿ ಒಬ್ಬ ಹವ್ಯಾಸಿಯ ಡ್ರೋನ್ ತೂತು ಮಾಡಿತು. ಬೆಂಕಿ ಉರಿಯುತ್ತಿರುವಾಗಲೇ ಆ ವಿಮಾನ ರಿಪೇರಿಗಾಗಿ ನೆಲದಲ್ಲಿ ಕೂರಬೇಕಾಯಿತು. ಆತನ ಕಣ್ಣಳತೆಯನ್ನು ಮೀರಿ ಡ್ರೋನ್ ಹೋಗಿತ್ತು. ಹದ್ದನ್ನು ನಾವು ಆಕಾಶಕ್ಕೆ ಬಿಟ್ಟಿಲ್ಲ. ಡ್ರೋನನ್ನು ಬಿಡುವವರು ನಾವೇ.

ಟೆರೇಸ್ ಪೈಲಟ್:
ಕ್ವಿಬೆಕ್ ಉದಾಹರಣೆಯಿಂದ ನನಗೆ ಕಾಣುವುದೇನೆಂದರೆ, ನಾವು ಅಡ್ಡಡ್ಡ ಕಿಲೋಮೀಟರುಗಳ ಬಗ್ಗೆ ಜಗಳವಾಡುತ್ತ ಎತ್ತರವನ್ನು ಮರೆಯುತ್ತಿದ್ದೇವೆ. 8ರಿಂದ 12 ಕಿ.ಮೀ. ನಡುವಿನ 60 ಮೀಟರ್ ಮಿತಿಯನ್ನೇ ತೆಗೆದುಕೊಳ್ಳಿ. ಆ ವಲಯದಲ್ಲಿ ಅನುಮತಿಯಿಲ್ಲದೆ ಹಾರಿಸಬಹುದಾದ್ದರಿಂದ ತಪ್ಪುಗಳು ನಡೆಯುವುದೂ ಅಲ್ಲಿಯೇ. ನಮ್ಮ ಪರದೆಯ ಮೇಲೆ ಕಾಣುವ ಎತ್ತರ ಡ್ರೋನ್ ಎದ್ದ ಜಾಗದಿಂದ ಲೆಕ್ಕ ಹಾಕಿದ್ದು, ಕೆಳಗಿನ ನೆಲದಿಂದಲ್ಲ. ಹತ್ತು ಮಹಡಿಯ ಅಪಾರ್ಟ್‌ಮೆಂಟಿನ ಟೆರೇಸಿನಿಂದ ಎಬ್ಬಿಸಿ ಪರದೆಯಲ್ಲಿ 50 ಮೀಟರ್ ಕಂಡರೆ, ಬೀದಿಯಿಂದ ಅಳೆದಾಗ ಅದು ಆಗಲೇ 80 ಮೀಟರ್ ಆಸುಪಾಸಿನಲ್ಲಿರುತ್ತದೆ.

ಅದಕ್ಕಿಂತ ಹೆಚ್ಚಿನ ಅಪಾಯ ಡ್ರೋನ್ ತಾನಾಗಿ ಮರಳುವ ವ್ಯವಸ್ಥೆಯಲ್ಲಿದೆ. ರಿಮೋಟಿನ ಸಿಗ್ನಲ್ ಕಡಿದುಹೋದರೆ ಡ್ರೋನ್ ಮೊದಲು ಸೆಟ್ಟಿಂಗಿನಲ್ಲಿರುವ ಎತ್ತರಕ್ಕೆ ನೆಟ್ಟಗೆ ಏರಿ, ಆಮೇಲೆ ಮನೆಯ ಕಡೆ ತಿರುಗುತ್ತದೆ. ಮರ, ಕಟ್ಟಡಗಳಿಗೆ ತಾಗದಿರಲಿ ಎಂದು ಅನೇಕರು ಅದನ್ನು 100 ಮೀಟರಿಗೆ ಇಟ್ಟು ಮರೆತುಬಿಟ್ಟಿರುತ್ತಾರೆ. 40 ಮೀಟರಿನಲ್ಲಿ ನಿಯಮಬದ್ಧವಾಗಿ ಹಾರಿಸುತ್ತಿದ್ದವನ ಡ್ರೋನ್, ಅವನ ಕೈಮೀರಿದ ಕ್ಷಣದಲ್ಲೇ, ಹಸಿರು ವಲಯದಿಂದ ಹಳದಿಗೆ ತಾನಾಗಿ ಏರುತ್ತದೆ. ಈ ಒಂದು ಸೆಟ್ಟಿಂಗಿನ ಬಗ್ಗೆ ಅಂಗಡಿಯಲ್ಲಿ ಹೇಳುವವರನ್ನು ನಾನಿನ್ನೂ ಕಂಡಿಲ್ಲ.

ಬಾನಾಡಿ:
ಟೆರೇಸ್ ಪೈಲಟ್ ಅವರ ಮಾತು ನನ್ನ ವಾದಕ್ಕೆ ಪುಷ್ಟಿಯನ್ನೇ ಕೊಡುತ್ತದೆ. ಎತ್ತರವೇ ಮುಖ್ಯವಾದರೆ ನಿಯಮವೂ ಎತ್ತರದ ಭಾಷೆಯಲ್ಲೇ ಮಾತಾಡಲಿ. ಅಮೆರಿಕದಲ್ಲಿ ನಿಲ್ದಾಣದ ಸುತ್ತಲಿನ ಜಾಗವನ್ನು ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ಇಷ್ಟು ಅಡಿ ಎಂದು ಮುಂಚೆಯೇ ನಿಗದಿಪಡಿಸಿದ್ದಾರೆ. ರನ್‌ವೇಯ ಬಾಯಿಗೆ ಬಂದ ಚೌಕದಲ್ಲಿ ಸೊನ್ನೆ, ಮಗ್ಗುಲಿನಲ್ಲಿ ನೂರು, ಆಚೆ ಇನ್ನೂರು, ಹೀಗೆ. ಆ ಮಿತಿಯೊಳಗಿನ ಅರ್ಜಿಗೆ ಮೊಬೈಲಿನಲ್ಲೇ ಕ್ಷಣಾರ್ಧದಲ್ಲಿ ಅನುಮತಿ ಬರುತ್ತದೆ. 2019ರಿಂದ ಹವ್ಯಾಸಿಗಳಿಗೂ ಈ ಸೌಲಭ್ಯವಿದೆ. ಬೆಂಗಳೂರಿನಲ್ಲಾದರೆ ಕೆಂಪೇಗೌಡ ನಿಲ್ದಾಣದ ಎಟಿಸಿ ವಿಮಾನ ನಿಲ್ದಾಣ ಪ್ರಾಧಿಕಾರದ್ದು, ಯಲಹಂಕದ್ದು ವಾಯುಪಡೆಯದ್ದು, ಹಳೆಯ ನಿಲ್ದಾಣದ್ದು ಎಚ್‌ಎಎಲ್‌ನದ್ದು. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಹಾರಿಸುವವನು ಯಾವ ಬಾಗಿಲು ತಟ್ಟಬೇಕೆಂದು ಹುಡುಕುವುದರೊಳಗೆ ಬಿಸಿಲೇರಿರುತ್ತದೆ. ಅನುಮತಿ ದಕ್ಕದ ನಿಯಮವನ್ನು ಜನ ಪಾಲಿಸುವುದಿಲ್ಲ, ಕದ್ದು ಹಾರಿಸುತ್ತಾರೆ. 2022ರ ಫೆಬ್ರವರಿಯಲ್ಲಿ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿದ ಮೇಲಂತೂ, ಯಾರದೋ ಸೂಟ್‌ಕೇಸಿನಲ್ಲಿ ಬಂದ ಡ್ರೋನಿನ ಒಡೆಯ ಅರ್ಜಿ ಹಾಕಿ ಮುಖ ತೋರಿಸುತ್ತಾನೆಯೇ?

ನಿವೃತ್ತ ನಿಯಂತ್ರಕ:
ಸೂಟ್‌ಕೇಸಿನ ಡ್ರೋನಿಗೆ ಎಟಿಸಿ ಹೊಣೆಯಲ್ಲ, ಅದನ್ನು ಬಿಡೋಣ. ಚೌಕಗಳ ವ್ಯವಸ್ಥೆಗೆ ನನ್ನ ವಿರೋಧವಿಲ್ಲ. 5ರಿಂದ 8 ಕಿ.ಮೀ. ನಡುವೆ, ರನ್‌ವೇಯ ನೇರವನ್ನು ಬಿಟ್ಟು, 30 ಮೀಟರ್ ತನಕ ಮುಂಚಿತವಾಗಿಯೇ ಅನುಮತಿ ಕೊಟ್ಟಿಡುವುದು ಅಸಾಧ್ಯವೇನಲ್ಲ. ಆದರೆ ಒಳಗಿನ 5 ಕಿ.ಮೀ.ಗೆ ಇಂಗ್ಲೆಂಡಿನ ಆಕಾರವನ್ನು ತಂದು ಹೊಂದಿಸುವುದನ್ನು ಒಪ್ಪಲಾರೆ. ಬೆಂಗಳೂರಿನ ಉತ್ತರದಲ್ಲಿ ಒಂದೇ ನಿಲ್ದಾಣವಿಲ್ಲ: ದೇವನಹಳ್ಳಿಗೂ ನಗರಕ್ಕೂ ನಡುವೆ ಯಲಹಂಕದ ವಾಯುಪಡೆ ವಿಮಾನಗಳಿವೆ, ಜಕ್ಕೂರಿನ ತರಬೇತಿ ವಿಮಾನಗಳಿವೆ. ಜಕ್ಕೂರಿನಲ್ಲಿ ಕಲಿಯುತ್ತಿರುವ ಹುಡುಗನೊಬ್ಬ ಮೊದಲ ಸಲ ಒಂಟಿಯಾಗಿ ಸುತ್ತು ಹೊಡೆಯುವಾಗ ನಿಮ್ಮ ಮೂರು ಡಿಗ್ರಿಯ ಗೆರೆಯ ಮೇಲೇ ಇರುತ್ತಾನೆಂದು ನಂಬಿ ಕೂರಲಾಗದು.

ಇನ್ನು ನನ್ನದೊಂದು ಷರತ್ತು. ಚೌಕದ ಮಿತಿ 30 ಮೀಟರ್ ಆದರೆ, ಮರಳುವ ಎತ್ತರವನ್ನು 30ರೊಳಗೆ ಇಡದ ಹೊರತು ಡ್ರೋನ್ ನೆಲ ಬಿಟ್ಟೇಳದಂತೆ ಅದರ ಸಾಫ್ಟ್‌ವೇರೇ ತಡೆಯಬೇಕು.

ಬಾನಾಡಿ:
ಒಳಗಿನ 5 ಕಿ.ಮೀ.ಯ ಬಗ್ಗೆ ನಾವಿಬ್ಬರೂ ಒಪ್ಪುವುದಿಲ್ಲ, ಇರಲಿ. ಆದರೆ ನಿಮ್ಮ ಷರತ್ತನ್ನು ಜಾರಿಗೊಳಿಸುವವರು ಯಾರು? ಡ್ರೋನ್ ತಯಾರಿಸುವ ಡಿಜೆಐ ಕಂಪನಿಯೇ 2025ರ ಜನವರಿಯಲ್ಲಿ ಅಮೆರಿಕದಲ್ಲಿ ನಿಲ್ದಾಣಗಳ ಸುತ್ತಲಿನ ತನ್ನ ಸಾಫ್ಟ್‌ವೇರ್ ತಡೆಯನ್ನು ತೆಗೆದು, ಬರೀ ಎಚ್ಚರಿಕೆಯ ಸಂದೇಶ ತೋರಿಸಲು ಶುರುಮಾಡಿತು. ಹೊಣೆ ಹಾರಿಸುವವನದೇ ಎಂಬುದು ಅವರ ನಿಲುವು.

ಟೆರೇಸ್ ಪೈಲಟ್:
ಸಾಫ್ಟ್‌ವೇರ್ ತಡೆಯ ತನಕ ಕಾಯುವುದೇಕೆ? ಹಳದಿ ವಲಯದ ಅನುಮತಿಗೆ ಅರ್ಜಿ ತುಂಬುವಾಗಲೇ ಮರಳುವ ಎತ್ತರ ಎಷ್ಟಿಟ್ಟಿದ್ದೀರಿ ಎಂದು ಒಂದು ಅಂಕಣ ಸೇರಿಸಲಿ. ಮಿತಿಗಿಂತ ಹೆಚ್ಚು ಬರೆದವನ ಅರ್ಜಿ ಅಲ್ಲೇ ತಿರಸ್ಕೃತವಾಗುತ್ತದೆ. ಸುಳ್ಳು ಬರೆದವನ ಡ್ರೋನ್ ಸಿಕ್ಕಿಬಿದ್ದರೆ, ಈಗಾಗಲೇ ನಿಯಮದಲ್ಲಿರುವ ಒಂದು ಲಕ್ಷ ರೂಪಾಯಿವರೆಗಿನ ದಂಡ ವಿಧಿಸಲು ಅದೇ ಅರ್ಜಿ ಸಾಕ್ಷಿಯಾಗುತ್ತದೆ.