ವಿಡೋಬರ್ಡ್, ವಿಡಾ: ಹೆಸರು ಬಂದರಿನದೋ, ಬಾಲದ್ದೋ?

ಬಯಲುಹಕ್ಕಿ: ಆಫ್ರಿಕದ ಉದ್ದ ಬಾಲದ ‘ವಿಡಾ’ ಹಕ್ಕಿಗೆ ಬೆನಿನ್ ದೇಶದ ವಿಡಾ ಬಂದರಿನ ಹೆಸರೇ ಬಂದಿದೆ. ಈಗ ಅದನ್ನು ಉಯಿದಾ ಅಂತಾರೆ, ಗುಲಾಮರ ವ್ಯಾಪಾರಕ್ಕೆ ಕುಖ್ಯಾತಿ. 1717ರಲ್ಲಿ ಅಮೆರಿಕದ ಕೇಪ್ ಕಾಡ್ ಬಳಿ ಮುಳುಗಿದ ಕಡಲ್ಗಳ್ಳರ ಹಡಗಿಗೂ ಇದೇ ಊರಿನ ಹೆಸರಿತ್ತು.

ಪದಜಾಡು: ಹಡಗಿನ ಮಾತು ಸರಿ, ಹಕ್ಕಿಯದು ತಲೆಕೆಳಗಾಗಿದೆ. ಮೊದಲಿದ್ದದ್ದು ‘ವಿಡೋ ಬರ್ಡ್’, ಅಂದರೆ ವಿಧವೆ ಹಕ್ಕಿ. ಗಂಡುಹಕ್ಕಿಯ ಕಪ್ಪು ಬಾಲ ಯುರೋಪಿನವರ ಕಣ್ಣಿಗೆ ವಿಧವೆಯ ಶೋಕದ ಉಡುಪು. ಪೋರ್ಚುಗೀಸರೂ ‘ವಿಯೂವಾ’ ಅಂದದ್ದು ಅದಕ್ಕೇ. ಆಮೇಲೆ ಇಂಗ್ಲಿಷಿನವರ ಬಾಯಲ್ಲಿ ಅದು ಪರಿಚಿತ ಬಂದರಿನ ಹೆಸರಿನತ್ತ ಜಾರಿತು. 1816ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಕುವಿಯೆ ಈ ಹಕ್ಕಿಗಳ ಕುಲಕ್ಕೆ (ಜೀನಸ್) ಕೊಟ್ಟ ‘ವಿಡುವಾ’ ಕೂಡ ಲ್ಯಾಟಿನ್ನಿನ ವಿಧವೆಯೇ. ಸಂಸ್ಕೃತದಿಂದ ನಮಗೆ ಬಂದ ‘ವಿಧವೆ’ ಅದರ ದೂರದ ನೆಂಟ.

ಗೀಜಗಪ್ರಿಯ: ಗಂಡಿಗೆ ವಿಧವೆ ಅಂತ ಹೆಸರು! ಇರಲಿ. ಇಲ್ಲಿ ಎರಡು ಗುಂಪು ಕಲಸಿಹೋಗಿವೆ. ಅರ್ಧ ಮೀಟರ್ ಬಾಲ, ಭುಜದಲ್ಲಿ ಕೆಂಪು ಪಟ್ಟಿ ಇರುವ ವಿಡೋಬರ್ಡ್ ಯುಪ್ಲೆಕ್ಟಿಸ್ ಕುಲದ್ದು, ನಮ್ಮ ಗೀಜಗನ ಕುಟುಂಬ. ಅದರ ಹೆಣ್ಣು ತನ್ನ ಮರಿಗಳನ್ನು ತಾನೇ ಸಾಕುತ್ತದೆ. ವಿಡುವಾ ಕುಲದವು ಕೋಗಿಲೆಯ ಹಾಗೆ ಪರರ ಗೂಡಲ್ಲಿ ಮೊಟ್ಟೆಯಿಡುತ್ತವೆ. ಪ್ಯಾರಡೈಸ್ ವಿಡಾ ಇಡುವುದು ಮೆಲ್ಬಾ ಫಿಂಚ್ ಅನ್ನುವ ಪುಟ್ಟ ಹಕ್ಕಿಯ ಗೂಡಲ್ಲಿ. ಹಳೇ ಪುಸ್ತಕಗಳಲ್ಲಿ ಎರಡಕ್ಕೂ ವಿಡಾ ಅಂತಲೇ ಇರುತ್ತದೆ, ಎಡವಟ್ಟಾಗುವುದೇ ಅಲ್ಲಿ.

ಪದಜಾಡು: ನಕ್ಷೆ ನೋಡಿದರೂ ಬಂದರಿನ ವಾದ ನಿಲ್ಲೋದಿಲ್ಲ. ಅರ್ಧ ಮೀಟರ್ ಬಾಲದ್ದು ಇರುವುದು ಕೀನ್ಯಾ, ಅಂಗೋಲಾ-ಜಾಂಬಿಯಾ ಕಡೆ ಮತ್ತು ದಕ್ಷಿಣ ಆಫ್ರಿಕದಲ್ಲಿ. ಬೆನಿನ್‌ನಲ್ಲಿ ಇಲ್ಲವೇ ಇಲ್ಲ.

ಬಯಲುಹಕ್ಕಿ: ಪಿನ್-ಟೇಲ್ಡ್ ವಿಡಾ ಪಶ್ಚಿಮ ಆಫ್ರಿಕದಲ್ಲೂ ಇದೆಯಲ್ಲ ಸರ್?

ಪದಜಾಡು: ಇದೆ. ಅದಕ್ಕೇ ಊರಿನ ಹೆಸರು ಅಂಟಿಕೊಳ್ಳೋದು ಸುಲಭವಾಗಿರಬಹುದು. ಹುಟ್ಟು ಮಾತ್ರ ವಿಧವೆಯದೇ.

ಗೀಜಗಪ್ರಿಯ: ಗುರುತಿಸುವಾಗ ಬಾಲವೊಂದನ್ನೇ ನಂಬಬೇಡಿ. ಸಂತಾನಕಾಲ ಮುಗಿದರೆ ಗಂಡಿನ ಉದ್ದ ಗರಿ ಉದುರಿ, ಹೆಣ್ಣಿನ ಹಾಗೇ ಕಂದು ಗೆರೆಗಳ ಹಕ್ಕಿಯಾಗುತ್ತದೆ. ಬಾಲದ ಕೆಲಸ ಹೆಣ್ಣನ್ನು ಸೆಳೆಯುವುದು. ಸ್ವೀಡನ್ನಿನ ಜೀವವಿಜ್ಞಾನಿ ಮಾಲ್ಟೆ ಆಂಡರ್ಸನ್ 1982ರಲ್ಲಿ ಪ್ರಕಟಿಸಿದ ಕೀನ್ಯಾದ ಪ್ರಯೋಗದಲ್ಲಿ ಅರ್ಧ ಮೀಟರ್ ಬಾಲದ ವಿಡೋಬರ್ಡಿನ ಕೆಲವು ಗಂಡುಗಳ ಬಾಲ ಸುಮಾರು 14 ಸೆಂ.ಮೀ.ಗೆ ಕತ್ತರಿಸಿ, ಆ ಗರಿಗಳನ್ನು ಬೇರೆ ಗಂಡುಗಳಿಗೆ ಅಂಟಿಸಿದರು. ಇನ್ನು ಕೆಲವದರ ಬಾಲ ಕತ್ತರಿಸಿ ಅದನ್ನೇ ಮತ್ತೆ ಅಂಟಿಸಿದರು, ಅಂಟಿನಿಂದಲೇ ವ್ಯತ್ಯಾಸ ಬಂತೇನೋ ಅನ್ನುವ ಅನುಮಾನ ಉಳಿಯಬಾರದಲ್ಲ. ಬಾಲ ಉದ್ದವಾದ ಗಂಡುಗಳ ಜಾಗದಲ್ಲೇ ಹೊಸ ಗೂಡು ಹೆಚ್ಚು ಬಂದವು.

ಬಯಲುಹಕ್ಕಿ: ಸರಿ, ಹಾಗಾದರೆ ಹಕ್ಕಿಗಳ ಪಟ್ಟಿಯಲ್ಲಿ ಏನಂತ ಬರೆಯೋಣ?

ಗೀಜಗಪ್ರಿಯ: ಯುಪ್ಲೆಕ್ಟಿಸ್ ಆದರೆ ವಿಡೋಬರ್ಡ್, ವಿಡುವಾ ಆದರೆ ವಿಡಾ. ಪಕ್ಕದಲ್ಲಿ ಕುಲದ ಹೆಸರು ಬಿಡಬೇಡಿ.